ಪಂಚೆ ಉಟ್ಟವರ ಸೆಲ್ಯೂಟ್

ಓದುಗರ ಪ್ರಶ್ನೆ, ಮಾಜಿ ನಾವಿಕನ ಉತ್ತರ

ಈ ಸಲದ ಟಪಾಲಿನಲ್ಲಿ ಪಿಂಚಣಿ, ಕ್ಯಾಂಟೀನ್ ಕಾರ್ಡ್, ಆಸ್ಪತ್ರೆ ಬಿಲ್ಲುಗಳ ಗೋಳು ಕಡಿಮೆ, ಸೆಲ್ಯೂಟಿನ ಜಗಳವೇ ಹೆಚ್ಚು. ಆಗಸ್ಟ್ 15 ಕಳೆದ ಮೇಲೆ ಪ್ರತಿ ವರ್ಷವೂ ಹೀಗೇ. ಪಿಂಚಣಿಯವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್ ಆಗಿ ನಿವೃತ್ತನಾದವನು. ಈಗ ಅಂಕೋಲಾ ಕಡೆಯ ಹಳ್ಳಿಯೊಂದರಲ್ಲಿ ಇಶಾಡ ಮಾವಿನ ಮರಗಳನ್ನೂ ಈ ಅಂಕಣವನ್ನೂ ನೋಡಿಕೊಂಡಿದ್ದೇನೆ. ಮರಗಳು ಇಷ್ಟು ಪ್ರಶ್ನೆ ಕೇಳುವುದಿಲ್ಲ.

ನಾನು ಭೂಸೇನೆಯ ನಿವೃತ್ತ ಹವಾಲ್ದಾರ. ನಮ್ಮೂರ ಶಾಲೆಯ ಧ್ವಜಾರೋಹಣಕ್ಕೆ ಬಿಳಿ ಅಂಗಿ, ಪಂಚೆಯಲ್ಲಿ ಹೋಗಿದ್ದೆ. ಧ್ವಜ ಏರಿದಾಗ ಸೆಲ್ಯೂಟ್ ಮಾಡಿದೆ. ‘ಸಮವಸ್ತ್ರ ಇಲ್ಲದವರು ಸೆಲ್ಯೂಟ್ ಮಾಡುವಂತಿಲ್ಲ’ ಎಂದು ತರುಣ ಶಿಕ್ಷಕರೊಬ್ಬರು ಎಲ್ಲರೆದುರು ಹೇಳಿದರು. ಆದರೆ ಮಾಜಿ ಸೈನಿಕರು ಸಾದಾ ಉಡುಪಿನಲ್ಲೂ ಸೆಲ್ಯೂಟ್ ಮಾಡಬಹುದು, ಅದಕ್ಕೆ ಕಾನೂನೇ ಇದೆ ಎಂಬ ಸಂದೇಶ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿದೆ. ಯಾರು ಸರಿ?
— ಒಬ್ಬ ಮಾಜಿ ಸೈನಿಕ, ಕುಮಟಾ ತಾಲ್ಲೂಕು

ನಿಯಮದಲ್ಲಿ ಶಿಕ್ಷಕರು ಸರಿ. ಅದನ್ನು ಹೇಳಿದ ಜಾಗ ಮತ್ತು ಹೊತ್ತಿನಲ್ಲಿ ತಪ್ಪು. ಮಕ್ಕಳೆದುರು ಹಿರಿಯರನ್ನು ತಿದ್ದುವ ಉತ್ಸಾಹವನ್ನು ಅವರು ಸಿಹಿ ಹಂಚುವವರೆಗಾದರೂ ತಡೆದುಕೊಳ್ಳಬಹುದಿತ್ತು.

ವಾಟ್ಸ್‌ಆ್ಯಪ್ ಸಂದೇಶವೂ ಪೂರ್ತಿ ಸುಳ್ಳಲ್ಲ. ಅದು ಹೇಳುವ ಕಾನೂನು ನಿಜವಾಗಿಯೂ ಇದೆ, ಆದರೆ ಅಮೆರಿಕದಲ್ಲಿ. ಅಲ್ಲಿ ಧ್ವಜ ಏರುವಾಗ ಸಾದಾ ಉಡುಪಿನವರು ಬಲಗೈಯನ್ನು ಎದೆಯ ಮೇಲಿಟ್ಟುಕೊಳ್ಳುವುದು ಪದ್ಧತಿ. ಮಾಜಿ ಸೈನಿಕರೂ ಹಾಗೆಯೇ ಮಾಡಬೇಕಿತ್ತು. 2008ರಲ್ಲಿ ಅಲ್ಲಿನ ಸಂಸತ್ತು ಎರಡು ಹಂತಗಳಲ್ಲಿ ಇದನ್ನು ಬದಲಿಸಿತು. ಮೊದಲು ಧ್ವಜ ಏರುವಾಗ, ಇಳಿಯುವಾಗ, ಮೆರವಣಿಗೆಯಲ್ಲಿ ಸಾಗುವಾಗ, ನಂತರ ರಾಷ್ಟ್ರಗೀತೆಯ ಹೊತ್ತಿಗೂ, ಸಮವಸ್ತ್ರ ಇಲ್ಲದ ಮಾಜಿ ಸೈನಿಕರು ಸೈನಿಕ ಸೆಲ್ಯೂಟ್ ಮಾಡಬಹುದು ಎಂದು ಕಾನೂನಿನಲ್ಲೇ ಸೇರಿಸಿತು. ‘ಮಾಡಬಹುದು’ ಎಂದಷ್ಟೇ ಇದೆ, ‘ಮಾಡಬೇಕು’ ಎಂದಿಲ್ಲ. ಈ ಸಂಗತಿ ಅನುವಾದವಾಗಿ, ದೇಶದ ಹೆಸರನ್ನು ದಾರಿಯಲ್ಲೆಲ್ಲೋ ಕಳೆದುಕೊಂಡು, ಕೊನೆಗೆ ತ್ರಿವರ್ಣದ ಚಿತ್ರ ಅಂಟಿಸಿಕೊಂಡು ನಿಮ್ಮ ಗುಂಪಿಗೆ ಬಂದು ತಲುಪಿದೆ. ಎದೆಯ ಮೇಲೆ ಕೈಯಿಡುವುದೂ ಅದೇ ದಾರಿಯಲ್ಲಿ ಬಂದ ಸರಕು. ನಮ್ಮ ಕಡೆಯ ಸಭೆಗಳಲ್ಲಿ ಕೆಲವು ಗಣ್ಯರು ಜನಗಣಮನಕ್ಕೆ ಎದೆ ಹಿಡಿದುಕೊಂಡು ನಿಲ್ಲುವುದನ್ನು ಕಂಡಾಗ ಆಸ್ಪತ್ರೆಗೆ ಫೋನ್ ಮಾಡಬೇಕೇನೋ ಎನ್ನಿಸುತ್ತದೆ.

ನಮ್ಮ ದೇಶದ ಮಾತನ್ನು ಹೇಳುವುದು 2002ರ ಭಾರತೀಯ ಧ್ವಜ ಸಂಹಿತೆ. ಧ್ವಜ ಏರುವಾಗ, ಇಳಿಯುವಾಗ, ಪಥಸಂಚಲನದಲ್ಲಿ ಹಾದುಹೋಗುವಾಗ ಅಲ್ಲಿರುವ ಎಲ್ಲರೂ ಧ್ವಜದತ್ತ ಮುಖ ಮಾಡಿ ಸಾವಧಾನ್ ಸ್ಥಿತಿಯಲ್ಲಿ ನಿಲ್ಲಬೇಕು, ಸಮವಸ್ತ್ರದಲ್ಲಿರುವವರು ತಕ್ಕ ಸೆಲ್ಯೂಟ್ ಮಾಡಬೇಕು ಎಂದು ಅದು ಹೇಳುತ್ತದೆ. ಮಾಜಿ ಸೈನಿಕರಿಗೆಂದು ಬೇರೆ ಸಾಲು ಇಲ್ಲ. ಗಣ್ಯರೊಬ್ಬರು ಶಿರಸ್ತ್ರಾಣವಿಲ್ಲದೆಯೂ ವಂದನೆ ಸ್ವೀಕರಿಸಬಹುದು ಎಂಬ ವಿನಾಯಿತಿ ಮಾತ್ರ ಇದೆ. ಈ ವಿನಾಯಿತಿ ಯಾಕೆ ಬೇಕಾಯಿತು ಎಂದು ಯೋಚಿಸಿದರೆ ಮೂಲ ನಿಯಮ ಕಣ್ಣಿಗೆ ಬೀಳುತ್ತದೆ. ಬ್ರಿಟಿಷರ ಕಾಲದಿಂದ ನಮ್ಮ ಮೂರೂ ಪಡೆಗಳಲ್ಲಿ ನಡೆದುಬಂದಿರುವ ಪದ್ಧತಿಯ ಪ್ರಕಾರ ತಲೆಯ ಮೇಲೆ ಟೋಪಿಯೋ ಪೇಟವೋ ಇದ್ದರೆ ಸೆಲ್ಯೂಟ್, ಬರಿದಲೆಯಾದರೆ ಸಾವಧಾನ್. ಸೇವೆಯಲ್ಲಿದ್ದಾಗಲೂ ಟೋಪಿ ತೆಗೆದಿಟ್ಟು ಕೆಲಸ ಮಾಡುತ್ತಿದ್ದ ಹೊತ್ತಿಗೆ ಸಾಹೇಬರು ಬಂದರೆ ನೀವು ಎದ್ದು ಸೆಟೆದು ನಿಲ್ಲುತ್ತಿದ್ದಿರೇ ಹೊರತು ಕೈ ಎತ್ತುತ್ತಿರಲಿಲ್ಲ, ನೆನಪು ಮಾಡಿಕೊಳ್ಳಿ.

ಇದು ಹಳ್ಳಿ ಶಾಲೆಯ ಜಗಳ ಮಾತ್ರವಲ್ಲ. 2015ರ ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ವಂದನೆ ಸ್ವೀಕರಿಸುತ್ತಿದ್ದಾಗ ಪ್ರಧಾನಿಯೂ ರಕ್ಷಣಾ ಸಚಿವರೂ ಕೈ ಎತ್ತಿದ್ದರು, ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಕೈ ಇಳಿಸಿ ಸುಮ್ಮನೆ ನಿಂತಿದ್ದರು. ಆ ಚಿತ್ರ ಹಿಡಿದು ದೇಶವಿಡೀ ಅವರನ್ನು ಬೈದವರಿಗೆ ಲೆಕ್ಕವಿಲ್ಲ. ಮುಖ್ಯ ಗಣ್ಯರು ಮತ್ತು ಸಮವಸ್ತ್ರಧಾರಿಗಳು ಸೆಲ್ಯೂಟ್ ಮಾಡುತ್ತಾರೆ, ಸಾದಾ ಉಡುಪಿನವರು ಸಾವಧಾನ್ ನಿಲ್ಲುತ್ತಾರೆ, ಶಿಷ್ಟಾಚಾರ ಇರುವುದೇ ಹೀಗೆ ಎಂದು ಅವರ ಕಚೇರಿ ಸ್ಪಷ್ಟನೆ ಕೊಡಬೇಕಾಯಿತು. ಬೈದವರಲ್ಲಿ ಎಷ್ಟು ಮಂದಿ ಅದನ್ನು ಓದಿದರೋ.

ಹಾಗಾದರೆ ಯುದ್ಧ ಸ್ಮಾರಕಗಳ ಮುಂದೆ ಕೋಟು ತೊಟ್ಟು, ಪದಕ ಧರಿಸಿ, ರೆಜಿಮೆಂಟಿನ ಬೆರೆ ಟೋಪಿ ಇಟ್ಟು ಸೆಲ್ಯೂಟ್ ಮಾಡುವ ಹಿರಿಯರನ್ನು ಟಿವಿಯಲ್ಲಿ ನೋಡುತ್ತೇವಲ್ಲ ಎಂದು ನೀವು ಕೇಳಬಹುದು. ಅದು ರೂಢಿ, ಟೋಪಿಯ ನಿಯಮಕ್ಕೆ ಹೊಂದುವ ರೂಢಿ. ತಮ್ಮ ಪಡೆಯ ಸಮಾರಂಭದಲ್ಲಿ, ತಮ್ಮ ಪಡೆಯ ಟೋಪಿ ಇಟ್ಟು ಅವರು ಹಾಗೆ ಮಾಡಿದರೆ ನನ್ನ ತಕರಾರು ಇಲ್ಲ. ಪಂಚೆ ಮತ್ತು ಬರಿದಲೆಗೆ ಮಾತ್ರ ನನ್ನ ಮತ ಸಾವಧಾನಿಗೇ.

ಸಾವಧಾನ್ ಎಂದರೆ ಕಡಿಮೆ ಗೌರವ ಎಂದು ತಿಳಿಯಬೇಡಿ. ಅದನ್ನು ಸರಿಯಾಗಿ ಮಾಡುವವರು ಊರಿಗೆ ಒಬ್ಬರೂ ಸಿಗುವುದಿಲ್ಲ. ಹಿಮ್ಮಡಿ ಕೂಡಿರಬೇಕು, ಪಾದಗಳ ತುದಿ ಸುಮಾರು 30 ಡಿಗ್ರಿ ತೆರೆದಿರಬೇಕು, ಮುಷ್ಟಿ ಕಟ್ಟಿದ ಕೈ ತೊಡೆಗೆ ತಾಗಿರಬೇಕು, ಹೆಬ್ಬೆರಳು ಮುಂದೆ, ನೋಟ ನೇರ. ರಾಷ್ಟ್ರಗೀತೆ ಮುಗಿಯಲು ಬೇಕಾದದ್ದು ಸುಮಾರು 52 ಸೆಕೆಂಡು. ಅಷ್ಟೂ ಹೊತ್ತು ಅಲುಗಾಡದೆ ನಿಲ್ಲುವ ಹವಾಲ್ದಾರರನ್ನು ನೋಡಿದರೆ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತದೆ, ಇವರು ಎಲ್ಲಿಂದ ಬಂದವರು ಎಂದು. ಒಂದು ಮಾತು ಮಾತ್ರ ಮರೆಯಬೇಡಿ: ನಮ್ಮ ಕರಾವಳಿಯವರ ಚಾಳಿಯಂತೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದರೆ, ಧ್ವಜದ ಹಗ್ಗಕ್ಕೆ ಕೈ ಹಾಕುವ ಮೊದಲೇ ಇಳಿಸಿಕೊಳ್ಳಿ. ಗೀತೆಯ ನಡುವೆ ಇಳಿಸಲು ಹೋದವರನ್ನು ನಾನು ನೋಡಿದ್ದೇನೆ.

ಇಷ್ಟೆಲ್ಲ ಹೇಳಿದ ಮೇಲೂ, ಜೀವಮಾನವಿಡೀ ಮಾಡಿದ ಅಭ್ಯಾಸದಿಂದ ನಿಮ್ಮ ಕೈ ತಾನಾಗಿ ಮೇಲೇರಿತು ಎನ್ನಿ. ಅದು ಧ್ವಜಕ್ಕೆ ಅವಮಾನವೇ? ಖಂಡಿತ ಅಲ್ಲ. ಸಂಹಿತೆ ಕೇಳುವುದು ಸಾವಧಾನ್, ಮಾಡಿದ್ದು ಅದಕ್ಕಿಂತ ಒಂದು ಹೆಚ್ಚು, ಅಷ್ಟೇ. ಆ ಶಿಕ್ಷಕರಿಗೆ ಈ ಪುಟ ತೋರಿಸಿ, ಇಬ್ಬರೂ ಚಹಾ ಕುಡಿಯಿರಿ. ದುಡ್ಡು ಅವರೇ ಕೊಡಲಿ.

ನಾನು ಒಂಬತ್ತನೇ ತರಗತಿ, ಎನ್‌ಸಿಸಿ ನೌಕಾ ವಿಭಾಗ. ನಮ್ಮ ಅಜ್ಜ ಭೂಸೇನೆಯಲ್ಲಿದ್ದವರು. ನಾನು ಅಂಗೈ ಕೆಳಗೆ ಮಾಡಿ ಸೆಲ್ಯೂಟ್ ಮಾಡಿದರೆ ‘ಇದೇನು, ಬಿಸಿಲಿಗೆ ಕಣ್ಣು ಮುಚ್ಚಿಕೊಂಡ ಹಾಗೆ’ ಎಂದು ನಗುತ್ತಾರೆ. ಯಾರದು ಸರಿಯಾದ ಸೆಲ್ಯೂಟ್? ಇನ್ನೊಂದು ಪ್ರಶ್ನೆ: ನಮ್ಮ ಕಾರವಾರದ ಕಡಲತೀರದ ಚಪಲ ಹಡಗು 1971ರಲ್ಲಿ ಕರಾಚಿಗೆ ಹೋಗಿತ್ತು ಎಂದು ಪ್ರಬಂಧದಲ್ಲಿ ಬರೆದಿದ್ದೇನೆ. ಸರಿಯೇ?
— ವಿದ್ಯಾರ್ಥಿನಿ, ಕಾರವಾರ

ಇಬ್ಬರದೂ ಸರಿ. ಅಜ್ಜನ ಭೂಸೇನೆಯಲ್ಲಿ ಅಂಗೈ ಪೂರ್ತಿ ಎದುರಿಗೆ ಕಾಣಬೇಕು, ಬೆರಳು ಕೂಡಿರಬೇಕು. ಕೈಯಲ್ಲಿ ಆಯುಧವಿಲ್ಲ ಎಂದು ತೋರಿಸುವ ಹಳೆಯ ಕ್ರಮದಿಂದ ಅದು ಬಂತು ಎಂದು ಹೇಳುತ್ತಾರೆ. ನಮ್ಮ ನೌಕಾಪಡೆಯಲ್ಲಿ ಅಂಗೈ ನೆಲದ ಕಡೆಗೆ ವಾಲಿರುತ್ತದೆ. ಹಾಯಿ ಹಡಗಿನ ಕಾಲದಲ್ಲಿ ನಾವಿಕರ ಕೈ ಹಗ್ಗ ಎಳೆದು, ಟಾರು ಬಳಿದು ಸದಾ ಕಪ್ಪಾಗಿರುತ್ತಿತ್ತಂತೆ. ಆ ಕೊಳೆಯನ್ನು ಮೇಲಧಿಕಾರಿಯ ಮುಖಕ್ಕೆ ಹಿಡಿಯುವುದು ಹೇಗೆ? ಅಂಗೈ ಕೆಳಗಾಯಿತು. ನಾನು ಕೆಲಸ ಮಾಡಿದ್ದು ಎಂಜಿನ್ ಕೋಣೆಯಲ್ಲಿ, ಆದ್ದರಿಂದ ಈ ಕಥೆಯನ್ನು ನಂಬಲು ನನಗೆ ಕಷ್ಟವೇ ಆಗಲಿಲ್ಲ. ವಾಯುಪಡೆಯವರು ಮೊದಲು ಭೂಸೇನೆಯ ಹಾಗೆಯೇ ಮಾಡುತ್ತಿದ್ದರು, 2006ರಲ್ಲಿ ಅಂಗೈಯನ್ನು ನೆಲಕ್ಕೆ 45 ಡಿಗ್ರಿಗೆ ತಿರುಗಿಸಿ, ನಮ್ಮಿಬ್ಬರ ನಡುವೆ ತಮ್ಮದೊಂದು ದಾರಿ ಮಾಡಿಕೊಂಡರು.

ಮನೆಯಲ್ಲಿ ಅಜ್ಜನ ಮುಂದೆ ಹೇಗಾದರೂ ಮಾಡು. ಕವಾಯತು ಮೈದಾನದಲ್ಲಿ ಮಾತ್ರ ನಿನ್ನ ತರಬೇತುದಾರರು ಹೇಳಿದ ಹಾಗೆ.

ಪ್ರಬಂಧ ತಿದ್ದಿಕೋ. ಐಎನ್‌ಎಸ್ ಚಪಲ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿ ಹಾರಿಸಿದ ದೋಣಿಗಳು ನಿಪಟ್, ನಿರ್ಘಟ್ ಮತ್ತು ವೀರ್. ಆ ದಿನವನ್ನೇ ನೌಕಾಪಡೆ ದಿನವೆಂದು ಆಚರಿಸುತ್ತೇವೆ. ಚಪಲ ಅದೇ ಬಗೆಯ ಕ್ಷಿಪಣಿ ದೋಣಿ, ಅವುಗಳ ತಂಗಿ ಎನ್ನು. ತಂಗಿಯನ್ನು ಅಕ್ಕ ಮಾಡಬೇಡ.

ಬೇಸಿಗೆಯಲ್ಲಿ ಸಂಸಾರ ಸಮೇತ ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿದ್ದೆವು. ಮಾಜಿ ಸೈನಿಕರಾದ ನಮ್ಮ ತಂದೆ ಅಲ್ಲಿನ ಮೇಜರ್ ರಾಣೆಯವರ ಪ್ರತಿಮೆಯ ಮುಂದೆ ಸೆಲ್ಯೂಟ್ ಮಾಡಿದರು. ಪ್ರವಾಸಿಗರು ನಕ್ಕು ವಿಡಿಯೊ ಮಾಡಿಕೊಂಡರು. ಪ್ರತಿಮೆಗೆ ಸೆಲ್ಯೂಟ್ ಮಾಡಬಹುದೇ?
— ಸಿರ್ಸಿಯಿಂದ

ಧ್ವಜಕ್ಕೆ ಸಂಹಿತೆ ಇದೆ. ದಾರಿಯಲ್ಲಿ ಹೋಗುವ ಮಾಜಿ ಸೈನಿಕ ಪ್ರತಿಮೆಯ ಮುಂದೆ ಹೇಗೆ ನಿಲ್ಲಬೇಕು ಎಂದು ಅದರಲ್ಲಿ ಯಾರೂ ಬರೆದಿಟ್ಟಿಲ್ಲ. ಹಾರ ಹಾಕುವ ಸಮಾರಂಭವಾದರೆ ಸಮವಸ್ತ್ರದವರು ಸೆಲ್ಯೂಟ್ ಮಾಡುತ್ತಾರೆ, ಉಳಿದವರು ತಲೆಬಾಗುತ್ತಾರೆ ಅಥವಾ ಸಾವಧಾನ್ ನಿಲ್ಲುತ್ತಾರೆ. ನಾನಾದರೆ ಸಾವಧಾನ್ ನಿಲ್ಲುತ್ತೇನೆ. ನಿಮ್ಮ ತಂದೆ ಕೈ ಎತ್ತಿದರೆ ಎತ್ತಲಿ, ಅದರಲ್ಲೂ ಆ ಪ್ರತಿಮೆಗೆ.

ನಕ್ಕವರಿಗೆ ಅದು ಯಾರ ಪ್ರತಿಮೆ ಎಂದು ಗೊತ್ತಿರಲಾರದು. ರಾಮ ರಾಘೋಬ ರಾಣೆ ಹುಟ್ಟಿದ್ದು 1918ರಲ್ಲಿ, ನಮ್ಮ ಕಾರವಾರ ತಾಲ್ಲೂಕಿನ ಚೆಂಡಿಯಾದಲ್ಲಿ. 1948ರ ಏಪ್ರಿಲ್‌ನಲ್ಲಿ ಅವರು ಭೂಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್. ಜಮ್ಮುವಿನ ನೌಶೇರಾದಿಂದ ರಾಜೌರಿಗೆ ಸೇನೆ ಮುನ್ನುಗ್ಗಬೇಕಿತ್ತು. ದಾರಿಯುದ್ದಕ್ಕೂ ನೆಲಬಾಂಬು, ಕಡಿದುರುಳಿಸಿದ ಮರ, ಒಡೆದುಹಾಕಿದ ಸೇತುವೆ, ಗುಡ್ಡದ ಮೇಲಿನಿಂದ ಗುಂಡಿನ ಮಳೆ. ದಾರಿ ಬಿಡಿಸಿಕೊಡುವ ಕೆಲಸ ರಾಣೆಯವರದು. ಮೊದಲ ದಿನವೇ ಗಾಯಗೊಂಡರೂ ಹಿಂದೆ ಸರಿಯಲಿಲ್ಲ. ಟ್ಯಾಂಕಿನ ಅಡಿಗೆ ನುಸುಳಿ, ಅದು ಮುಂದೆ ಸರಿದ ಹಾಗೆಲ್ಲ ತಾವೂ ತೆವಳುತ್ತ, ಯಾವಾಗ ನಿಲ್ಲಬೇಕು ಯಾವಾಗ ಹೋಗಬೇಕು ಎಂದು ಚಾಲಕನಿಗೆ ಹಗ್ಗ ಜಗ್ಗಿ ಸೂಚನೆ ಕೊಡುತ್ತ ಸಾಗಿದರು. ಟ್ಯಾಂಕುಗಳು ರಾಜೌರಿ ತಲುಪಿದವು. ಅವರಿಗೆ ಪರಮವೀರ ಚಕ್ರ ಬಂತು. ಅದನ್ನು ಧರಿಸಿಕೊಳ್ಳಲು ಬದುಕುಳಿದ ಕೆಲವೇ ಮಂದಿಯಲ್ಲಿ ಅವರೊಬ್ಬರು.

ಮುಂದಿನ ಸಲ ಯಾರಾದರೂ ನಕ್ಕರೆ ತಂದೆಯನ್ನೇ ಈ ಕಥೆ ಹೇಳಲು ಬಿಡಿ. ಭೂಸೇನೆಯವರು ಕಥೆ ಹೇಳತೊಡಗಿದರೆ ನಿಲ್ಲಿಸುವುದು ಕಷ್ಟ, ನೆರಳಿರುವ ಕಡೆ ನಿಲ್ಲಿಸಿಕೊಳ್ಳಿ.

ಸೇನೆಯಿಂದ ನಿವೃತ್ತನಾಗಿ ಈಗ ಒಂದು ಕಚೇರಿಯ ಕಾವಲುಗಾರನಾಗಿದ್ದೇನೆ. ವ್ಯವಸ್ಥಾಪಕರು ಕಾರಿನಿಂದ ಇಳಿದಾಗಲೆಲ್ಲ ‘ಮಿಲಿಟರಿ ಸೆಲ್ಯೂಟ್’ ಬೇಕು ಎನ್ನುತ್ತಾರೆ. ಗ್ರಾಹಕರಿಗೆ ಭಯ ಇರಲಿ ಎಂದು ಹಳೆಯ ಸೇನಾ ಸಮವಸ್ತ್ರವನ್ನೇ ಹಾಕಿಕೊಂಡು ಬಾ ಎಂದೂ ಹೇಳಿದ್ದಾರೆ. ಏನು ಮಾಡಲಿ?
— ಹೆಸರು ಬೇಡ

ಎರಡು ಬೇರೆ ಬೇರೆ ಸಂಗತಿ. ಸಮವಸ್ತ್ರದ್ದು ಮೊದಲು, ಯಾಕೆಂದರೆ ಅದರಲ್ಲಿ ಜೈಲಿನ ಮಾತಿದೆ. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ 21ನೇ ಕಲಮಿನ ಪ್ರಕಾರ ಖಾಸಗಿ ಕಾವಲುಗಾರ ಭೂಸೇನೆ, ನೌಕಾಪಡೆ, ವಾಯುಪಡೆ ಅಥವಾ ಪೊಲೀಸರ ಸಮವಸ್ತ್ರವನ್ನಾಗಲಿ, ಅದರಂತೆ ಕಾಣುವ ಉಡುಪನ್ನಾಗಲಿ ಧರಿಸಿದರೆ ಅವನಿಗೂ ಸಂಸ್ಥೆಯ ಮಾಲೀಕನಿಗೂ ಒಂದು ವರ್ಷದವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸೈನಿಕನಲ್ಲದವನು ಜನರನ್ನು ನಂಬಿಸಲು ಸೈನಿಕನ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿಯೂ ಅಪರಾಧ. ನಿವೃತ್ತನಾದ ಮೇಲೆ ನೀವು ಸೇವೆಯಲ್ಲಿರುವ ಸೈನಿಕರಲ್ಲ. ಹಳೆಯ ಸಮವಸ್ತ್ರ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸುಖವಾಗಿರಲಿ. ವ್ಯವಸ್ಥಾಪಕರಿಗೆ ಈ ಕಲಮಿನ ಸಂಖ್ಯೆಯನ್ನು ವಿನಯದಿಂದ ಬರೆದುಕೊಡಿ, ‘ಮಾಲೀಕನಿಗೂ’ ಎಂಬ ಪದದ ಕೆಳಗೆ ಗೆರೆ ಎಳೆದು.

ಇನ್ನು ಸೆಲ್ಯೂಟ್. ಸೇನೆಯಲ್ಲಿ ನೀವು ಸೆಲ್ಯೂಟ್ ಮಾಡಿದ್ದು ರಾಷ್ಟ್ರಪತಿ ಕೊಟ್ಟ ಅಧಿಕಾರಪತ್ರಕ್ಕೆ, ಅದನ್ನು ಹೊತ್ತ ಮನುಷ್ಯನಿಗಲ್ಲ. ಕೆಲವೊಮ್ಮೆ ಆ ಮನುಷ್ಯ ಯಾರು ಎಂದು ಇಬ್ಬರಿಗೂ ಗೊತ್ತು, ಆದರೂ ಮಾಡಿದ್ದೇವೆ. ವ್ಯವಸ್ಥಾಪಕರ ಬಳಿ ಅಂಥ ಪತ್ರ ಇಲ್ಲ. ನಿಮ್ಮ ಸಂಸ್ಥೆಯ ಟೋಪಿ ಇಟ್ಟು ಸಂಸ್ಥೆ ಕಲಿಸಿದ ರೀತಿಯಲ್ಲಿ ಕೈ ಎತ್ತುವುದು ನೌಕರಿಯ ಸೌಜನ್ಯ, ಅದರಲ್ಲಿ ನಾಚಿಕೆಯೂ ಇಲ್ಲ, ಸೈನಿಕತನವೂ ಇಲ್ಲ. ಬಾಗಿಲು ತೆರೆದು ನಮಸ್ಕಾರ ಎಂದರೂ ನಡೆಯುತ್ತದೆ.

ನಮ್ಮ ಯಜಮಾನರು ಸೇನೆಯಲ್ಲಿದ್ದರು, ತೀರಿಕೊಂಡಿದ್ದಾರೆ. ಹುತಾತ್ಮರ ಸ್ಮರಣೆಯ ಕಾರ್ಯಕ್ರಮಕ್ಕೆ ಆಮಂತ್ರಣ ಬಂದಿದೆ. ಅವರ ಪದಕಗಳನ್ನು ನಾನು ಧರಿಸಬಹುದೇ?
— ಹೊನ್ನಾವರ

ಧರಿಸಿ. ಪದಕ ಗಳಿಸಿದವರು ಎದೆಯ ಎಡಗಡೆ ಧರಿಸುತ್ತಾರೆ, ಅವರ ಹತ್ತಿರದ ಬಂಧುಗಳು ಬಲಗಡೆ. ಸ್ಮಾರಕದ ಮುಂದೆ ಸೇರುವ ಇಂಥ ಶ್ರದ್ಧಾಂಜಲಿಗೆ ಅದು ಸೂಕ್ತವೇ. ಬಲಗಡೆ ಪದಕ ಕಂಡ ಕೂಡಲೇ ಬಲ್ಲವರಿಗೆ ಎಲ್ಲ ತಿಳಿಯುತ್ತದೆ, ನೀವು ಏನೂ ಹೇಳಬೇಕಾಗಿಲ್ಲ. ರಿಬ್ಬನ್ನು ಮಾಸಿದ್ದರೆ ಹಾಗೇ ಇರಲಿ, ಪಿನ್ನನ್ನು ಮಾತ್ರ ನೋಡಿಕೊಳ್ಳಿ. ರೇಷ್ಮೆ ಸೀರೆಯನ್ನು ಅದು ಹರಿಯುತ್ತದೆ, ಒಳಗಿನಿಂದ ಒಂದು ದಪ್ಪ ಬಟ್ಟೆಯ ತುಂಡು ಕೊಟ್ಟು ಚುಚ್ಚಿ. ಸೆಲ್ಯೂಟ್ ಬೇಡ, ನಿಂತರೆ ಸಾಕು.

ನಿವೃತ್ತ ಸೈನಿಕರೊಬ್ಬರು ವಯಸ್ಸಾಗಿ ಮನೆಯಲ್ಲೇ ತೀರಿಕೊಂಡರು. ಊರವರು ಅಂಗಡಿಯಿಂದ ಧ್ವಜ ತಂದು ಹೊದಿಸಿದರು. ಚಿತೆಗೂ ಹಾಗೆಯೇ ಇಟ್ಟರು. ಸರಿಯೇ?
— ಸಿದ್ದಾಪುರ

ಸರಿಯಲ್ಲ. ಪ್ರೀತಿಯಿಂದ ಮಾಡಿದ್ದು, ಆದರೂ ಸರಿಯಲ್ಲ. ಸರ್ಕಾರಿ ಗೌರವದ, ಅಥವಾ ಸೇನೆ ಮತ್ತು ಅರೆಸೇನಾ ಪಡೆಗಳ ಅಂತ್ಯಕ್ರಿಯೆಯಲ್ಲಿ ಮಾತ್ರ ಧ್ವಜ ಹೊದಿಸಬಹುದು. ಖಾಸಗಿ ಅಂತ್ಯಕ್ರಿಯೆಯಲ್ಲಿ ಕೂಡದು. 1971ರ ರಾಷ್ಟ್ರ ಗೌರವ ಕಾಯ್ದೆ ಇದನ್ನು ಅವಮಾನದ ಪಟ್ಟಿಯಲ್ಲೇ ಸೇರಿಸಿದೆ, ಶಿಕ್ಷೆ ಮೂರು ವರ್ಷದವರೆಗೆ. ವಿಧಿಪೂರ್ವಕವಾಗಿ ಹೊದಿಸಿದಾಗಲೂ ಕೇಸರಿ ಪಟ್ಟಿ ತಲೆಯ ಕಡೆಗಿರಬೇಕು, ಧ್ವಜವನ್ನು ಗುಂಡಿಗೆ ಇಳಿಸುವಂತಿಲ್ಲ, ಚಿತೆಯಲ್ಲಿ ಸುಡುವಂತಿಲ್ಲ. ಇನ್ನು ಮುಂದೆ ಮಾಜಿ ಸೈನಿಕರು ತೀರಿಕೊಂಡರೆ ಮೊದಲು ಸೈನಿಕ ಕಲ್ಯಾಣ ಇಲಾಖೆಗೆ ತಿಳಿಸಿ, ಅವರು ದಾರಿ ಹೇಳುತ್ತಾರೆ. ಊರಿನ ಮಾಜಿ ಸೈನಿಕರು ನಾಲ್ಕು ಜನ ಬಂದು ಸಾಲಾಗಿ ಸಾವಧಾನ್ ನಿಂತರೆ ಅದಕ್ಕೆ ಯಾರ ಅನುಮತಿಯೂ ಬೇಡ.

ಮಗ ನೌಕಾಪಡೆಯಲ್ಲಿದ್ದಾನೆ. ಕುಟುಂಬದವರಿಗೆ ಹಡಗು ತೋರಿಸುವ ದಿನ ನಾನೂ ಹೋಗುತ್ತಿದ್ದೇನೆ. ನಾನೂ ಮಾಜಿ ನಾವಿಕ. ಹಡಗು ಏರುವಾಗ ಸಾದಾ ಉಡುಪಿನಲ್ಲಿ ಏನು ಮಾಡಬೇಕು?
— ಬಿಣಗಾ

ನಮ್ಮವರ ಪ್ರಶ್ನೆ, ಅಂತೂ ಬಂತು! ಸಮವಸ್ತ್ರದಲ್ಲಿದ್ದಾಗ ಹಡಗಿಗೆ ಕಾಲಿಟ್ಟ ಕೂಡಲೇ ಹಿಂಭಾಗದ ಅಟ್ಟಕ್ಕೆ, ಅಂದರೆ ಕ್ವಾರ್ಟರ್‌ಡೆಕ್ಕಿಗೆ, ಸೆಲ್ಯೂಟ್ ಮಾಡುತ್ತಿದ್ದೆವಲ್ಲ, ಈಗ ಗ್ಯಾಂಗ್‌ವೇ ಮುಗಿದಲ್ಲಿ ಒಂದು ಕ್ಷಣ ನಿಂತು, ಹಿಂಭಾಗದತ್ತ ತಿರುಗಿ, ಸಾವಧಾನ್ ನಿಂತು ಮುಂದೆ ಹೋಗಿ. ಹಿಂದಿನವರು ನಿಮ್ಮ ಬೆನ್ನಿಗೆ ಡಿಕ್ಕಿ ಹೊಡೆಯದಂತೆ ಮೊದಲೇ ಹೇಳಿಟ್ಟಿರಿ, ಹೆಂಗಸರು ಮಕ್ಕಳಿಗೆ ಇದೆಲ್ಲ ಗೊತ್ತಿರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಮೊದಲು ತಲುಪಿದರೆ ನೌಕಾಪಡೆಯ ಧ್ವಜ ಏರುವುದೂ ಕಾಣಸಿಗುತ್ತದೆ. ಹಿಂಭಾಗದಲ್ಲಿ ಹಾರುವುದು ನೀವು ನೋಡಿದ್ದ ಕೆಂಪು ಶಿಲುಬೆಯ ಧ್ವಜವಲ್ಲ. 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಹೊಸ ವಿಕ್ರಾಂತ್ ಸೇವೆಗೆ ಸೇರಿದ ದಿನ ಅದು ಬದಲಾಯಿತು. ಈಗಿನದರಲ್ಲಿ ತ್ರಿವರ್ಣದ ಪಕ್ಕ ನೀಲಿ ಅಷ್ಟಕೋನ, ಅದರೊಳಗೆ ಲಂಗರು. ಮಗನ ಮುಂದೆ ‘ಇದೇನಿದು’ ಎಂದು ಕೇಳಿ ಮರ್ಯಾದೆ ಕಳೆದುಕೊಳ್ಳಬೇಡಿ.

ಕಾರವಾರದ ಮೀನು ಮಾರುಕಟ್ಟೆಯಲ್ಲಿ ನನ್ನ ಹಳೆಯ ಕಮಾಂಡಿಂಗ್ ಆಫೀಸರ್ ಸಿಕ್ಕರು. ಅವರು ಚಡ್ಡಿಯಲ್ಲಿ, ನಾನು ಲುಂಗಿಯಲ್ಲಿ. ಇಬ್ಬರ ಕೈಯಲ್ಲೂ ಚೀಲ. ಏನು ಮಾಡಬೇಕಿತ್ತು?
— ಕೋಡಿಬಾಗ

ನೆಟ್ಟಗೆ ನಿಂತು ‘ಜೈ ಹಿಂದ್ ಸಾಬ್’ ಎನ್ನಬೇಕಿತ್ತು. ಸಮವಸ್ತ್ರದಲ್ಲಿದ್ದಾಗಲೂ ಕೈ ತುಂಬ ಸಾಮಾನಿದ್ದರೆ ಕತ್ತು ತಿರುಗಿಸಿ ನೋಡುವುದಷ್ಟೇ ಪದ್ಧತಿ, ಸಾಮಾನು ನೆಲಕ್ಕೆ ಹಾಕುವುದಲ್ಲ. ಆಮೇಲೆ ಅವರ ಚೀಲದಲ್ಲಿ ಇಣುಕಿ ನೋಡಿ, ಹಳೆಯ ಮೀನನ್ನು ಹೊಸ ಬೆಲೆಗೆ ಕೊಂಡಿದ್ದರೆ ಗುರುತಿನ ಮೀನುಗಾರ್ತಿಯ ಬಳಿ ಕರೆದುಕೊಂಡು ಹೋಗಿ. ಅಧಿಕಾರಿಗಳಿಗೆ ಬಂಗುಡೆಯ ಕಿವಿರು ಎತ್ತಿ ನೋಡಲು ಯಾರೂ ಕಲಿಸಿರುವುದಿಲ್ಲ.